ಕಟ್ ತಪ್ಪಿದವ್ರ ಸ್ಕೋರೂ ಹಾಕ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ಹೋದ ವಾರ ನಿಮ್ಮ ಸ್ಪೋರ್ಟ್ಸ್ ಪುಟದ ಮೂಲ್ಯಾಗ ಗಾಲ್ಫ್ ಸುದ್ದಿ ನಾಕು ಸಾಲು ಬಂದಿತ್ತು. ಗೆದ್ದವನ ಹೆಸರು, ಅವಗ ಸಿಕ್ಕ 15 ಲಕ್ಷ, ಕೊನೀಗೆ "ರಾಜ್ಯದ ಉಳಿದ ಆಟಗಾರರು ನಿರಾಸೆ ಮೂಡಿಸಿದರು" ಅಂತ. ಆ ಉಳಿದವ್ರೊಳಗ ನಮ್ಮಣ್ಣನ ಮಗಾನೂ ಇದ್ದ, ಅದಕ್ಕ ಈ ಪತ್ರ.

ನಾನು ಬೆಟಗೇರ್ಯಾಗ ಝೆರಾಕ್ಸ್ ಅಂಗಡಿ ಇಟ್ಕೊಂಡಾಂವ. ಗಾಲ್ಫ್ ಅಂದ್ರ ಸಾಹುಕಾರ್ರ ಆಟ ಅಂತ ನಾನೂ ಅಂದಾಂವನ. ಅಣ್ಣ ದುಡೀಲಿಕ್ಕೆ ಬೆಂಗಳೂರಿಗೆ ಹೋಗಿ ಒಂದು ಗಾಲ್ಫ್ ಕೋರ್ಸಿನ್ಯಾಗ ಹುಲ್ಲು ಕತ್ತರಸೋ ಕೆಲಸಕ್ಕ ನಿಂತ, ಹುಡುಗ ಸಾಲಿ ಬಿಟ್ಟು ಅಲ್ಲೇ ಕ್ಯಾಡಿ ಆದ, ಅಂದ್ರ ಮಂದಿ ಬ್ಯಾಗ್ ಹೊತ್ಕೊಂಡು ಹಿಂದ ಹಿಂದ ಅಡ್ಡಾಡೋದು, ಹಂಗ ನೋಡ್ಕೋತ ನೋಡ್ಕೋತ ಆಡೋದು ಕಲ್ತ. ಇದೇನು ಹೊಸಾದಲ್ರಿ, ಬೆಂಗಳೂರಿನ ಗಾಲ್ಫ್ ಆಟಗಾರ ಸಿ. ಮುನಿಯಪ್ಪ ಅವ್ರೂ ಕ್ಯಾಡಿ ಆಗೇ ಬಂದವ್ರು, 2009ರಾಗ ಇಂಡಿಯನ್ ಓಪನ್ ಗೆದ್ರು. ನಮ್ಮ ಕಡೆ ಎಷ್ಟ ಮಂದಿಗೆ ಗೊತ್ತೈತಿ?

ಈಗ ನಮ್ಮ ಹುಡುಗ ಆಡೋದು ಪಿಜಿಟಿಐ ಟೂರ್‌ನ್ಯಾಗ, ಅಂದ್ರ ದುಡ್ಡಿಗೆ ಆಡೋ ಗಾಲ್ಫ್ ಆಟಗಾರರ ಭಾರತದ ಟೂರ್ನಿ ಸರಣಿ, 2006ರಾಗ ಶುರುವಾದದ್ದು. ಒಂದು ವಾರ ಚಂಡೀಗಢ, ಒಂದು ವಾರ ಕೋಲ್ಕತ್ತಾ, ನಡುವ ಅಸ್ಸಾಮಿನ ಡಿಗ್ಬೋಯ್, ಡಿಸೆಂಬರ್‌ನ್ಯಾಗ ಜಮ್ಶೆಡ್‌ಪುರ, ಸ್ಲೀಪರ್ ಬೋಗಿಯೊಳಗ ಆ ಕಿಟ್ ಬ್ಯಾಗ್ ಎಲ್ಲಿ ಇಡೋದು ಅಂತನ ಅರ್ಧ ಜಗಳ. ಎಂಟ್ರಿ ಫೀ, ಕ್ಯಾಡಿಗೆ ಕೊಡೋದು, ರೂಮು, ಊಟ ಎಲ್ಲಾ ಕೈಯಿಂದ. ರೂಮಿನ್ಯಾಗ ಮೂರು ಮಂದಿ ಮಲಗ್ತಾರ, ಒಬ್ಬಾಂವ ನೆಲದ ಮ್ಯಾಲೆ, ಅದೂ ಸರದಿ. ಎರಡು ದಿನ 36 ಹೋಲ್, ಅಂದ್ರ ಗುಳಿ, ಆದ ಮ್ಯಾಲೆ ಮೊದಲ 50 ಸ್ಥಾನ ಮತ್ತ ಅವ್ರ ಸಮ ಬಂದವ್ರು ಉಳೀತಾರ, ಆ ಗೆರೀಗೆ ಕಟ್ ಅಂತಾರ. ಹೊರಗ ಬಿದ್ದವ್ರಿಗೆ ಒಂದು ರೂಪಾಯಿನೂ ಇಲ್ಲ. ನಮ್ಮ ಮಂದಿ ಕೋಟಿ ರೂಪಾಯಿ ಟೂರ್ನಿ ಅಂತ ಕಣ್ಣು ಬಿಡ್ತಾರ.

ಈ ಸಲ ಮೈಸೂರಾಗಿತ್ತು, ಅಂಗಡಿ ಬಂದ್ ಮಾಡಿ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಹೋಗಿದ್ದೆ. ಎರಡನೇ ದಿನ ಕೊನೇ ಹೋಲಿಗೆ ಬರೂತ್ನ್ಯಾಗ ಕಟ್ ಎಲ್ಲಿಗೆ ನಿಲ್ತೈತಿ ಅಂತ ಎಲ್ರೂ ಮೊಬೈಲ್ ನೋಡಾಕ್ಹತ್ತಿದ್ರು, ಇವ ಮಾತ್ರ ನೋಡ್ಲಿಲ್ಲ. ಚೆಂಡು ಗುಳಿಯಿಂದ ನಾಕು ಫೂಟ್, ನಮ್ಮ ಝೆರಾಕ್ಸ್ ಮಷೀನಿನಿಂದ ಗಲ್ಲಾಪೆಟ್ಟಿಗಿ ಇದ್ದಷ್ಟ ದೂರ. ಕುಂತು ನೋಡಿದ, ಎದ್ದ, ಮತ್ತ ಕುಂತ. ಹೊಡದ. ಚೆಂಡು ಗುಳಿ ಅಂಚಿಗೆ ಬಂದು ಅರ್ಧ ಸುತ್ತು ತಿರುಗಿ ಹೊರಗ ನಿಂತ್ತು. ಟೋಪಿ ತಗದು ಜೋಡಿ ಆಡಿದವ್ರ ಕೈ ಕುಲುಕಿದ, ಸ್ಕೋರ್ ಕಾರ್ಡ್‌ಗೆ ಸಹಿ ಮಾಡಿದ, ನನ್ನ ಹಂತೇಕ ಬಂದು "ಕಾಕಾ, ಊಟ ಮಾಡೀರೇನು" ಅಂದ. ಒಂದ ಶಾಟಿನಿಂದ ಕಟ್ ಹೋತು.

ಅದನ್ನ ನೀವು ನಿರಾಸೆ ಅಂತೀರಿ. ಅಲ್ರೀ, ಅದೇ ಟೂರ್‌ನ್ಯಾಗ 2023ರಾಗ ವರ್ಷದ ಗಳಿಕೆ ಪಟ್ಟಿಯೊಳಗ ಮೊದಲ ಬಂದ ಓಂ ಪ್ರಕಾಶ್ ಚೌಹಾಣ್ ಯುರೋಪಿನ ದೊಡ್ಡ ಟೂರ್‌ಗೆ ಕಾರ್ಡ್, ಅಂದ್ರ ಅಲ್ಲಿ ಆಡೋ ಹಕ್ಕು, ಪಡೆದ್ರು. ಅಮೆರಿಕದಾಗೂ ಹಿಂಗ, ಅಲ್ಲಿ ಎರಡನೇ ದರ್ಜೆಯ ಕಾರ್ನ್ ಫೆರಿ ಟೂರ್‌ನಿಂದ 2024ರಾಗ 30 ಮಂದಿಗೆ ಮ್ಯಾಲಿನ ಟೂರ್ ಕಾರ್ಡ್ ಸಿಕ್ಕಿತ್ತು, 2025ಕ್ಕ ಅದು 20 ಆತು. ವರ್ಷಪೂರ್ತಿ ಆಡಿ 21ನೇದವ ಆದಾಂವನ ಹೊಟ್ಟಿ ಹೆಂಗ ಉರೀತೈತಿ ನೋಡ್ರಿ. ಈ ಆಟದಾಗ ಸುದ್ದಿ ಇರೋದು ಅಲ್ಲೇ, ಗೆರಿ ಹತ್ರ, ಕಪ್ ಹಿಡದ ಫೋಟೋದಾಗ ಅಷ್ಟ ಅಲ್ಲ.

ದೊಡ್ಡ ಲೇಖನ ಬ್ಯಾಡ್ರಿ. ಕಟ್ ಎಷ್ಟಕ್ಕ ನಿಂತ್ತು, ನಮ್ಮ ರಾಜ್ಯದವ್ರು ಎಷ್ಟು ಹೊಡದ್ರು, ಎರಡು ಸಾಲು ಹಾಕ್ರಿ ಸಾಕು. ಕ್ರಿಕೆಟ್‌ನ್ಯಾಗ ಸೊನ್ನೆಗೆ ಔಟಾದವನ ಹೆಸರೂ ಹಾಕ್ತೀರಲ್ಲ.

ಹುಡುಗ ಮುಂದಿನ ವಾರ ಕೋಲ್ಕತ್ತಾಕ್ಕ ಹೊಂಟಾನ, ತತ್ಕಾಲ್ ಟಿಕೆಟ್ ನಾನ ತೆಗಿಸೇನಿ.

— ಒಬ್ಬ ಓದುಗ, ಬೆಟಗೇರಿ, ಗದಗ