ಆಡಳಿತ ವಿಲೀನ: ಮೊದಲು ಸಂಬಳದ ಲೆಕ್ಕ ನೋಡಿ

ಮಾನ್ಯರೇ,

ಮಕ್ಕಳ ದಾಖಲಾತಿ ಕುಸಿದಾಗ ಅಕ್ಕಪಕ್ಕದ ಶಾಲಾ ಜಿಲ್ಲೆಗಳ (ಒಂದು ಪ್ರದೇಶದ ಸಾರ್ವಜನಿಕ ಶಾಲೆಗಳನ್ನು ನಡೆಸುವ ಸ್ಥಳೀಯ ಘಟಕಗಳ) ಆಡಳಿತವನ್ನು ಒಂದುಗೂಡಿಸುವುದು ತಪ್ಪಲ್ಲ; ಶಾಲೆಗಳನ್ನೇ ಮುಚ್ಚುವುದಕ್ಕಿಂತ ಎಷ್ಟೋ ಮೇಲು. ಆದರೆ ಉಳಿತಾಯದ ಲೆಕ್ಕ ಎಡವುವುದು ಸಂಬಳದಲ್ಲಿ. ಎರಡೂ ಕಡೆ ವೇತನ ಶ್ರೇಣಿ ಬೇರೆಯಿದ್ದರೆ, ಸಾಮಾನ್ಯವಾಗಿ ಹೆಚ್ಚಿನ ಶ್ರೇಣಿಯನ್ನೇ ಎಲ್ಲರಿಗೂ ಕೊಡಬೇಕಾಗುತ್ತದೆ. ಒಬ್ಬ ಮುಖ್ಯಾಧಿಕಾರಿಯ ಹುದ್ದೆ ಕಡಿತದಿಂದ ಉಳಿದ ಹಣ ಅಲ್ಲೇ ಕರಗಿಹೋಗಬಹುದು. ಇನ್ನು ಮಕ್ಕಳು ಕಡಿಮೆಯಾದಷ್ಟೇ ಖರ್ಚೂ ಇಳಿಯುವುದಿಲ್ಲ: 30 ಮಕ್ಕಳ ತರಗತಿ 24ಕ್ಕೆ ಇಳಿದರೂ ಶಿಕ್ಷಕರು, ಕೊಠಡಿ, ಬಸ್ಸು ಅಷ್ಟೇ ಬೇಕಲ್ಲವೇ?

ಹಾಗಾಗಿ ವಿಲೀನಕ್ಕೆ ಮೊದಲು ಎರಡೂ ಜಿಲ್ಲೆಗಳು ಲೆಕ್ಕಪತ್ರ, ಖರೀದಿ, ಬಸ್ ಮಾರ್ಗಗಳನ್ನು ಒಪ್ಪಂದದ ಮೇಲೆ ಎರಡು ವರ್ಷ ಹಂಚಿಕೊಳ್ಳಲಿ. ಈ ವರ್ಷ ಹುಟ್ಟಿದ ಮಕ್ಕಳೇ ಆರು ವರ್ಷದ ಬಳಿಕ ಒಂದನೇ ತರಗತಿಗೆ ಬರುವವರು. ಜನನ ನೋಂದಣಿ ತೆರೆದು ನೋಡಲಿ. ಹಳೆಯ ಸಾಲ ಯಾರ ಹೆಗಲಿಗೆ ಎಂಬುದನ್ನು ಬರೆದಿಟ್ಟುಕೊಂಡೇ ಸಹಿ ಹಾಕಲಿ.