ಕೈಗುಣದ ಮಾತು

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಊರಿನ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದಿರಲಿ. ಲ್ಯಾಬಿನಲ್ಲಿ ಮ್ಯಾಗ್ನೆಟೈಟಿನ, ಅಂದರೆ ಅಯಸ್ಕಾಂತ ಸೆಳೆಯುವ ಕಪ್ಪು ಕಬ್ಬಿಣದ ಆಕ್ಸೈಡಿನ, ಅತಿ ಸಣ್ಣ ಹರಳು ಮಾಡುವ ಬಗ್ಗೆ ನೀನು ಬರೆದ ಪತ್ರದ ಕೊನೆಯ ಸಾಲು ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿದೆ. ‘ಅದೇ ಫ್ಲಾಸ್ಕು, ಅದೇ ಐರನ್ ಓಲಿಯೇಟ್, ಅದೇ 320 ಡಿಗ್ರಿ. ಸೀನಿಯರ್ ಮಾಡಿದರೆ ಕಪ್ಪು, ನಾನು ಮಾಡಿದರೆ ಕಂದು. ನನಗೆ ಕೈಗುಣವೇ ಇಲ್ಲವೇನೋ ದೊಡ್ಡಪ್ಪ.’

ಆ ಮಾತನ್ನು ಉಪ್ಪಿನಕಾಯಿ ಹಾಕುವವರಿಗೆ ಬಿಡು ಎಂದು ಬರೆಯಹೊರಟೆ. ಪೆನ್ನು ಮುಂದೆ ಹೋಗಲಿಲ್ಲ.

1987ರಲ್ಲಿ ನಾನೂ ಇದನ್ನೇ ಮಾಡುತ್ತಿದ್ದೆ. ನಿಮ್ಮ ಹಾಗೆ ಎಣ್ಣೆಯಂಥ ದ್ರಾವಕದಲ್ಲಿ ಕಾಯಿಸುವುದಲ್ಲ. 1981ರಲ್ಲಿ ಫ್ರಾನ್ಸಿನ ಮಸಾರ್ ತೋರಿಸಿದ ನೀರಿನ ದಾರಿ. ಕಬ್ಬಿಣದ ಎರಡು ಬಗೆಯ ಲವಣ, ಒಂದು ಪಾಲು ಫೆರಸ್, ಎರಡು ಪಾಲು ಫೆರಿಕ್, ಅದಕ್ಕೆ ಅಮೋನಿಯಾ. ಕಣ್ಣು ಉರಿಯುತ್ತಿರುವಾಗಲೇ ಬೀಕರು ಕಾಡಿಗೆಯಂತೆ ಕಪ್ಪಾಗುತ್ತಿತ್ತು. ತಳದಲ್ಲಿ ಅಯಸ್ಕಾಂತ ಸರಿಸಿದರೆ ಕೆಸರೆಲ್ಲ ಅದರ ಬೆನ್ನು ಹತ್ತುತ್ತಿತ್ತು. ಒಂದು ಸಲ ಒಣಗಲು ಇಟ್ಟದ್ದು ಬೆಳಗಾಗುವಷ್ಟರಲ್ಲಿ ಕಾಫಿ ಗಸಿಯ ಬಣ್ಣಕ್ಕೆ ತಿರುಗಿತು. ಮರುವಾರವೂ ಹಾಗೆಯೇ. ಯಾರಿಗೂ ಹೇಳದೆ ಸಿಂಕಿಗೆ ಸುರಿದೆ. ನೋಟ್‌ಬುಕ್ಕಿನಲ್ಲಿ ಆ ಎರಡು ದಿನ ಖಾಲಿ. ಆಮೇಲೆ ಅದನ್ನು ಬಿಟ್ಟು ಕುದುರೆಮುಖದ ಕಬ್ಬಿಣದ ಗಣಿಗೆ ಕೆಲಸಕ್ಕೆ ಹೋದದ್ದು ನಿನಗೆ ಗೊತ್ತೇ ಇದೆ. ಮನೆಗೆ ಹಣ ಬೇಕಿತ್ತು ಎಂದೇ ಎಲ್ಲರಿಗೂ ಹೇಳಿದೆ. ಅದು ಅರ್ಧ ನಿಜ. ಇನ್ನರ್ಧ, ನನಗೂ ಕೈಗುಣವಿಲ್ಲ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ.

2005ರ ಕೊನೆಗೆ ಗಣಿ ನಿಲ್ಲುವ ತನಕ ದಿನಬೆಳಗಾದರೆ ಮ್ಯಾಗ್ನೆಟೈಟ್ ಅದಿರನ್ನೇ ಮುಟ್ಟಿದೆ. ಆ ಕಂದು ಬಣ್ಣಕ್ಕೆ ಕಾರಣವೇನು ಎಂದು ಅಂದು ಯಾರನ್ನಾದರೂ ಕೇಳಿದ್ದರೆ ಎರಡು ನಿಮಿಷದ ಉತ್ತರ. ಅಷ್ಟು ಸಣ್ಣ ಹರಳಿಗೆ ತೂಕಕ್ಕೆ ಹೋಲಿಸಿದರೆ ಹೊರಮೈ ಬಹಳ ಹೆಚ್ಚು. ಗಾಳಿ ತಗಲಿದರೆ ಮ್ಯಾಗ್ನೆಟೈಟ್ ಹೋಗಿ ಮ್ಯಾಗ್ಹೆಮೈಟ್ ಎಂಬ ಕಂದು ಆಕ್ಸೈಡ್ ಆಗುತ್ತದೆ. ನಾನು ನೀರನ್ನು ಕುದಿಸಿ ಆಮ್ಲಜನಕ ಓಡಿಸಿರಲೂ ಇಲ್ಲ. ಇದರಲ್ಲಿ ಕೈಯ ತಪ್ಪೇನಿತ್ತು?

ನಿನ್ನ ಸೀನಿಯರ್ ತೊಳೆದ ದಿನವೇ ನೋಡಿದ್ದೋ, ವಾರ ಬಿಟ್ಟೋ? ಸಂಕೋಚಪಡದೆ ಕೇಳು. ಗಾಳಿ ಸೇರದಂತೆ ಕಾಯುವ ಆರ್ಗಾನ್ ಅನಿಲದ ಕೊಳವೆಯ ಜೋಡಣೆಯನ್ನೂ ಒಮ್ಮೆ ನೋಡು. ಕಾಂತತ್ವ ಅಳೆದಾಗ ಗ್ರಾಮಿಗೆ 58 ಇಎಂಯು (ಕಾಂತತ್ವದ ಅಳತೆಯ ಏಕಮಾನ) ಬಂತೆಂದು, ದೊಡ್ಡ ಹರಳಿನ 92ರ ಪಕ್ಕದಲ್ಲಿಟ್ಟು ಕೊರಗಿದ್ದೀಯಲ್ಲ, ತೂಕದಲ್ಲಿ ಹರಳಿನ ಮೈಗೆ ಅಂಟಿರುವ ಓಲಿಯಿಕ್ ಆಮ್ಲದ ಹೊದಿಕೆಯನ್ನು ಕಳೆದೆಯಾ? ನಾನು ಅದನ್ನು ಅಳೆಯುವ ಯಂತ್ರ ಮುಟ್ಟಿದವನಲ್ಲ, ತಪ್ಪಿದ್ದರೆ ನಕ್ಕುಬಿಡು. ಹತ್ತು ನ್ಯಾನೋಮೀಟರಿನ ಹರಳಿನಲ್ಲಿ ಹೊರಮೈಯ ಸ್ಪಿನ್‌ಗಳು, ಅಂದರೆ ಪರಮಾಣುಗಳ ಪುಟ್ಟ ಅಯಸ್ಕಾಂತಗಳು, ಸಾಲಾಗಿ ನಿಲ್ಲುವುದಿಲ್ಲ ಎಂದೂ ಓದಿದ್ದೇನೆ. ಅದರಿಂದಲೂ ಅಂಕಿ ಇಳಿಯುತ್ತದೆ. ಕಾಂತಕ್ಷೇತ್ರ ತೆಗೆದ ಕೂಡಲೇ ರೇಖೆ ಸೊನ್ನೆಗೆ ಬಂತು ಎಂದು ನೀನೇ ಬರೆದಿದ್ದೀಯ. ಹಾಗೆ ಕಾಂತತ್ವವನ್ನೆಲ್ಲ ಮರೆತುಬಿಡುವಷ್ಟು ಸಣ್ಣ ಹರಳುಗಳನ್ನು ಕೈಗುಣವಿಲ್ಲದವಳು ಮಾಡಿದಳೇ?

ಆ ಕಂದು ಪುಡಿಯನ್ನು ಮಾತ್ರ ಚೆಲ್ಲಬೇಡ. ತಾರೀಖು ಬರೆದು ಇಡು, ನೋಟ್‌ಬುಕ್ಕಿಗೂ ಏರಿಸು. ದೀಪಾವಳಿಗೆ ಬರುವಾಗ ಮುಚ್ಚಿದ ಸೀಸೆಯಲ್ಲಿ ಒಂದು ಚಿಟಿಕೆ ತಾ. ಹಳೆಯ ಸ್ಪೀಕರಿನ ಅಯಸ್ಕಾಂತ ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ.

ನಿನ್ನ ದೊಡ್ಡಪ್ಪ