ಮರಗೆಲಸ ಕಲಿಯಲು ಎರಡು ವರ್ಷ ಯಾಕೆ ಬೇಕು?

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಮರಗೆಲಸದ ಕಿರು ಕೋರ್ಸುಗಳ ಬಗ್ಗೆ ಬಂದ ಲೇಖನ ಓದಿದೆ. ಆರೇ ದಿನದಲ್ಲಿ ನಿಮ್ಮ ಕೈಯಾರೆ ಒಂದು ಸ್ಟೂಲ್ ಮಾಡಿ ಮನೆಗೆ ಒಯ್ಯಬಹುದು ಅಂತ ಇತ್ತು. ನಿಜ, ಒಯ್ಯಬಹುದು. ನಾನೂ ಶುರು ಮಾಡಿದ್ದು ಅಂಥದ್ದೇ ಒಂದು ಕೋರ್ಸಿನಿಂದ, ಹಾಗಾಗಿ ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ವರ್ಷಗಟ್ಟಲೆ ಬೆಂಚಿನ ಮುಂದೆ ನಿಂತು ಕಲಿಯುವುದು ಹಳೇ ಕಾಲದ ಮಾತು, ಈಗ ಅದರ ಅಗತ್ಯವಿಲ್ಲ ಅನ್ನುವ ಅರ್ಥದ ಮಾತು ಕೊನೆಯಲ್ಲಿ ಬಂತಲ್ಲ, ಅದನ್ನು ಓದಿ ಸುಮ್ನೆ ಕೂರಲು ಆಗಲಿಲ್ಲ.

ನಾನು ಎರಡು ವರ್ಷ ಹಾಗೆ ನಿಂತು ಕಲಿತವನು. ಮೊದಲ ವಾರ ಮರವನ್ನೇ ಮುಟ್ಟಲಿಲ್ಲ. ಉಳಿ ಮಸೆಯುವುದಷ್ಟೇ ಕೆಲಸ. ಅದೂ ಬಾಯಿಯ ಕಡೆಯಿಂದಲ್ಲ, ಬೆನ್ನಿನ ಕಡೆಯಿಂದ. ಹೊಸ ಉಳಿಯ ಬೆನ್ನು ಕಣ್ಣಿಗೆ ಚಪ್ಪಟೆಯಾಗಿಯೇ ಕಾಣುತ್ತದೆ, ಆದರೆ ಕಲ್ಲಿನ ಮೇಲೆ ನಾಲ್ಕು ಸಲ ಎಳೆದು ನೋಡಿದರೆ ಹೊಳಪು ಬಂದಿರುವುದು ಅಂಚುಗಳಿಗೆ ಮಾತ್ರ, ನಡುವೆಲ್ಲ ಮಂಕು. ಬಾಯಿಯ ಹತ್ತಿರ ಆ ಮಂಕು ಪೂರ್ತಿ ಹೋಗುವ ತನಕ ಉಜ್ಜಬೇಕು. ಆಮೇಲೆ 25 ಡಿಗ್ರಿಯ ಇಳಿಜಾರು, ತುದಿಗೆ ಮಾತ್ರ 30 ಡಿಗ್ರಿ, 1000 ನಂಬರಿನ ಕಲ್ಲು, ಅದಾದ ಮೇಲೆ ಇನ್ನೂ ನುಣುಪಾದ 6000 ನಂಬರಿನದು. ಬೆನ್ನಿನ ಕಡೆ ಬೆರಳು ಸವರಿದರೆ ತುದಿಯಲ್ಲಿ ಕೂದಲೆಳೆಯಷ್ಟು ಲೋಹ ಮಗುಚಿಕೊಂಡಿರುವುದು ತಾಗಬೇಕು. ತಾಗಲಿಲ್ಲವೋ, ಮಸೆತ ಇನ್ನೂ ಅಂಚು ಮುಟ್ಟಿಲ್ಲ ಅಂತ ಅರ್ಥ. ಇದನ್ನು ಹೇಳಿಕೊಡಲು ಹತ್ತು ನಿಮಿಷ ಸಾಕು. ಬೆರಳಿಗೆ ಗೊತ್ತಾಗಲು ನನಗೆ ಎರಡು ತಿಂಗಳು ಹಿಡಿಯಿತು.

ಆಮೇಲೆ ಡವ್‌ಟೇಲ್, ಡ್ರಾಯರಿನ ಮೂಲೆಗೆ ಹಾಕುತ್ತಾರಲ್ಲ, ಪಾರಿವಾಳದ ಬಾಲದ ಹಾಗೆ ಹೊರಕ್ಕೆ ಅಗಲವಾಗುವ ಹಲ್ಲುಗಳ ಜೋಡಣೆ. ದಿನಾ ಬೆಳಿಗ್ಗೆ ಒಂದು ಮಾಡಬೇಕು, ಗುರುಗಳಿಗೆ ತೋರಿಸಬೇಕು, ಕೊಯ್ದು ಬಿಸಾಡಬೇಕು, ಮರುದಿನ ಅದೇ ಹಲಗೆಯ ತುದಿಯಲ್ಲಿ ಮತ್ತೆ ಹೊಸದು. ನನ್ನ ಗರಗಸ ಪ್ರತಿ ಸಲ ಗೆರೆಯಿಂದ ಬಲಕ್ಕೇ ಜಾರುತ್ತಿತ್ತು. ಮೊದಲು ಗರಗಸದ ಹಲ್ಲು ಸರಿಯಿಲ್ಲ ಅಂದುಕೊಂಡೆ. ಪೆನ್ಸಿಲ್ ಗೆರೆ ದಪ್ಪವಾಯಿತು ಅಂತ ಚಾಕುವಿನಲ್ಲಿ ಗೆರೆ ಕೊರೆದೆ, ಅದರಿಂದ ಸ್ವಲ್ಪ ಸುಧಾರಿಸಿತು, ಆದರೂ ಬಲಕ್ಕೇ. ಮೂರನೇ ವಾರವೋ ಏನೋ, ಗುರುಗಳು ಬಂದು ಒಂದು ಮಾತೂ ಆಡದೆ ನನ್ನ ಬಲಗಾಲನ್ನು ತಮ್ಮ ಕಾಲಿನಿಂದಲೇ ಒಂದು ಗೇಣು ಹಿಂದಕ್ಕೆ ಸರಿಸಿದರು. ಮೊಣಕೈ ಪಕ್ಕೆಗೆ ತಾಗುವುದು ನಿಂತಿತು. ಗರಗಸ ನೇರ ಹೋಯಿತು. ಒಂದೇ ತಪ್ಪು ಇಪ್ಪತ್ತು ದಿನ ಕಣ್ಣಿಗೆ ಬಿದ್ದಿದ್ದಕ್ಕೇ ಅವರಿಗೆ ಅದರ ಮೂಲ ಸಿಕ್ಕಿದ್ದು. ಆರು ದಿನದ ಕೋರ್ಸಿನಲ್ಲಿ ಹತ್ತು ಜನರ ನಡುವೆ ಇದನ್ನು ಯಾರು ಗಮನಿಸುತ್ತಾರೆ ಹೇಳಿ?

ಇನ್ನೊಂದು ಕಾರಣವಿದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಮರ ಕಡಿದ ಮೇಲೂ ಅಲುಗಾಡುತ್ತಲೇ ಇರುತ್ತದೆ. ಗಾಳಿಯಲ್ಲಿ ತೇವ ಹೆಚ್ಚಾದರೆ ಹಲಗೆ ಅಡ್ಡಕ್ಕೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ, ಉದ್ದಕ್ಕೆ ಮಾತ್ರ ಹೆಚ್ಚುಕಮ್ಮಿ ಇದ್ದಷ್ಟೇ ಇರುತ್ತದೆ. ಮರದೊಳಗಿನ ತೇವ ಶೇ 4ರಷ್ಟು ಏರಿಳಿದರೆ ಸಾಕು, 600 ಮಿಲಿಮೀಟರ್ ಅಗಲದ ಹಲಗೆ ನಾಲ್ಕೈದು ಮಿಲಿಮೀಟರ್, ಕೆಲವು ಜಾತಿಯಲ್ಲಿ ಅದಕ್ಕೂ ಹೆಚ್ಚು ಸರಿದುಬಿಡಬಹುದು. ಇದನ್ನೆಲ್ಲ ನಾನು ಮೊದಲ ತಿಂಗಳೇ ನೋಟ್ ಬುಕ್ಕಿನಲ್ಲಿ ನೀಟಾಗಿ ಬರೆದುಕೊಂಡಿದ್ದೆ. ಬರೆದುಕೊಂಡವನೇ ನನ್ನ ಮೊದಲ ಮೇಜಿನ ಹಲಗೆಯನ್ನು ಚೌಕಟ್ಟಿಗೆ ಸುತ್ತಲೂ ಅಂಟು ಬಳಿದು ಗಟ್ಟಿಯಾಗಿ ಕೂರಿಸಿದೆ! ಗುರುಗಳು ನೋಡಿದರು, ಏನೂ ಅನ್ನಲಿಲ್ಲ. ಐದು ತಿಂಗಳ ಮೇಲೆ ಹವೆ ಒಣಗಿದಾಗ ಒಂದು ಬೆಳಿಗ್ಗೆ ಹೋಗಿ ನೋಡಿದರೆ ಹಲಗೆಯ ತುದಿಯಿಂದ ಒಂದು ಗೇಣು ಉದ್ದದ ಸೀಳು. ಕುಗ್ಗಬೇಕಾದ ಹಲಗೆಯನ್ನು ಚೌಕಟ್ಟು ಬಿಟ್ಟಿರಲಿಲ್ಲ, ಇನ್ನೇನು ಮಾಡೀತು. ಸ್ಕ್ರೂ ಹಾಕುವ ತೂತನ್ನು ಅಡ್ಡಕ್ಕೆ ಉದ್ದ ಮಾಡಿ ಸರಿಯಲು ಜಾಗ ಬಿಟ್ಟಿದ್ದರೆ ಸಾಕಿತ್ತು. ಬಾಗಿಲಿನ ನಡುವಿನ ಹಲಗೆಯನ್ನು ಅದರ ಚೌಕಟ್ಟಿನಲ್ಲಿ ಕೊರೆದ ತೋಡಿನಲ್ಲಿ ಅಂಟು ಹಾಕದೆ ಸಡಿಲವಾಗಿ ಕೂರಿಸುವುದೂ ಇದೇ ಕಾರಣಕ್ಕೆ.

ಆ ಸೀಳು ಕಾಣಿಸುವಾಗ ನಾನು ಇನ್ನೂ ಅಲ್ಲೇ, ಅದೇ ಬೆಂಚಿನ ಮುಂದೆ ಇದ್ದೆ. ಆರು ದಿನದ ಕೋರ್ಸಿನವನಾಗಿದ್ದರೆ ಮೇಜು ಮನೆಯಲ್ಲಿ ಸೀಳುತ್ತಿತ್ತು, ನಾನು ಮರ ಕೊಟ್ಟವನನ್ನು ಬೈಯುತ್ತಿದ್ದೆ.

ಹೊರದೇಶದ ಒಳ್ಳೆಯ ಶಾಲೆಗಳು ಸುಮ್ಮನೆ ಇಷ್ಟು ಸಮಯ ಇಟ್ಟಿಲ್ಲ. ಬಾಸ್ಟನ್ನಿನ ನಾರ್ತ್ ಬೆನೆಟ್ ಸ್ಟ್ರೀಟ್ ಶಾಲೆಯ ಪೀಠೋಪಕರಣ ಕೋರ್ಸ್ ಎರಡು ವರ್ಷದ್ದು. ಹೆಸರಾಂತ ಪೀಠೋಪಕರಣ ಕುಶಲಕರ್ಮಿ ಜೇಮ್ಸ್ ಕ್ರೆನೊವ್ ಸ್ವೀಡನ್ನಿನಲ್ಲಿ ಪೀಠೋಪಕರಣ ವಿನ್ಯಾಸಕ ಕಾರ್ಲ್ ಮಾಲ್ಮ್‌ಸ್ಟೆನ್ ಅವರ ಶಾಲೆ ಸೇರಿದ್ದೇ ಮೂವತ್ತೈದು ದಾಟಿದ ಮೇಲೆ. ಅದೇ ಕ್ರೆನೊವ್ 1981ರಲ್ಲಿ ಕ್ಯಾಲಿಫೋರ್ನಿಯಾದ ಫೋರ್ಟ್ ಬ್ರಾಗ್‌ನಲ್ಲಿ ಕಲಿಸಲು ಶುರು ಮಾಡಿದಾಗ ವಿದ್ಯಾರ್ಥಿಗಳು ತಮ್ಮ ಹತ್ತರಿಯನ್ನು, ಅಂದರೆ ಮರ ಕೀಸುವ ಉಪಕರಣವನ್ನು, ತಾವೇ ಮರದಲ್ಲಿ ಮಾಡಿಕೊಳ್ಳಬೇಕಿತ್ತು. ವಯಸ್ಸಾಯಿತು ಅಂತ ಹಿಂಜರಿಯುವವರಿಗಾಗಿ ಅವರು ಶಾಲೆ ಸೇರಿದ ವಯಸ್ಸನ್ನು ಹೇಳಿದೆ, ಅಷ್ಟೇ.

ಹಾಗಂತ ಉದ್ದದ ತರಬೇತಿ ಎಲ್ಲವೂ ಒಳ್ಳೆಯದು ಅಂತಲ್ಲ. ಹುಡುಗರಿಂದ ವರ್ಷಗಟ್ಟಲೆ ಕಸ ಗುಡಿಸಿಸಿ, ಸ್ಯಾಂಡ್‌ಪೇಪರ್ ಉಜ್ಜಿಸಿ ಅದನ್ನೇ ತರಬೇತಿ ಅನ್ನುವವರನ್ನೂ ಕಂಡಿದ್ದೇನೆ. ಕೆಲಸ ಬಿಟ್ಟು ಎರಡು ವರ್ಷ ಕೂರಲು ಎಲ್ಲರಿಗೂ ಆಗುವುದಿಲ್ಲ, ಅದೂ ಗೊತ್ತು. ಅಂಥವರಿಗೆ ನನ್ನ ಸಲಹೆ ಇಷ್ಟೇ: ಗಂಟೆ ಕಡಿಮೆಯಾದರೂ ಪರವಾಗಿಲ್ಲ, ತಿಂಗಳು ಜಾಸ್ತಿ ಇರಲಿ. ಒಂದೇ ವಾರದಲ್ಲಿ ನಲವತ್ತೆಂಟು ಗಂಟೆ ತುಂಬುವ ಬದಲು ವಾರಕ್ಕೆ ಒಂದು ಸಂಜೆಯಂತೆ ಅಷ್ಟೇ ಗಂಟೆಯನ್ನು ವರ್ಷಕ್ಕೆ ಹಂಚಿದರೆ ಮಾಡಿದ ವಸ್ತು ಮಾಡಿದವನ ಕಣ್ಣೆದುರಿಗೇ ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯುತ್ತದೆ ಅಲ್ವಾ?

ನಿಮ್ಮ ವರದಿಗಾರರಿಗೊಂದು ವಿನಂತಿ. ಮುಂದಿನ ಸಲ ಇಂಥ ಕೋರ್ಸಿಗೆ ಹೋದಾಗ ಕೊನೆಯ ದಿನದ ಫೋಟೋ ಜೊತೆಗೆ ಹೋದ ವರ್ಷ ಕಲಿತು ಹೋದವರ ಮನೆಗೂ ಒಮ್ಮೆ ಹೋಗಿ, ಆ ಸ್ಟೂಲಿನ ಕಾಲು ಅಲ್ಲಾಡಿಸಿ ನೋಡಿ ಬರೆಯಲಿ.

ಇಂತಿ,
ಒಬ್ಬ ಬಡಗಿ